ಮತ ಯಾರದು, ದಾನ ಯಾರಿಗೆ?

– ದೊಡ್ಡಪ್ಪ, ಒಂಬತ್ತನೇ ತರಗತಿಯ ಹುಡುಗನೊಬ್ಬ ಸಮಾಸದ ಪಾಠದಲ್ಲಿ ನನ್ನನ್ನು ತಡೆದು ನಿಲ್ಲಿಸಿದ. ‘ಮತದಾನ’ ಬಿಡಿಸಿ ಹೇಳು ಅಂದೆ. ‘ಮತದ ದಾನ, ತತ್ಪುರುಷ ಸಮಾಸ’ ಅಂತ ಸರಿಯಾಗಿಯೇ ಹೇಳಿದ. ಆದರೆ ಕೂರಲಿಲ್ಲ. ‘ಮಿಸ್, ಮತ ಅಂದರೆ ಧರ್ಮ ಅಲ್ಲವಾ? ಧರ್ಮವನ್ನು ಯಾರಾದರೂ ದಾನ ಕೊಡುತ್ತಾರಾ?’ ಅಂತ ಕೇಳಿದ. ಎರಡು ಅರ್ಥ ಇದೆ ಕಣಪ್ಪ ಅಂದೆ. ಅಷ್ಟು ಹೇಳಿದರೆ ಸಾಕಾ?

– ಸಾಲದು. ಆ ಹುಡುಗ ಒಳ್ಳೆಯ ಪ್ರಶ್ನೆ ಕೇಳಿದ್ದಾನೆ. ಅರ್ಥ ಎರಡಲ್ಲ, ಮೂರು. ಅಭಿಪ್ರಾಯ ಒಂದು, ಪಂಥ ಅಥವಾ ಧರ್ಮ ಇನ್ನೊಂದು, ಓಟು ಮೂರನೆಯದು. ಮೂರಕ್ಕೂ ಬೇರು ಒಂದೇ. ಸಂಸ್ಕೃತದಲ್ಲಿ ‘ಮನ್’ ಅಂತ ಒಂದು ಧಾತು ಇದೆ, ಯೋಚಿಸು ಅಂತ ಅದರ ಅರ್ಥ. ಮನಸ್ಸು, ಮತಿ, ಮನನ, ಸಮ್ಮತಿ, ಅನುಮತಿ ಎಲ್ಲ ಆ ಧಾತುವಿನ ಮಕ್ಕಳು. ‘ಮತ’ ಅಂದರೆ ಯೋಚನೆ ಮಾಡಿ ತಳೆದದ್ದು. ಈ ‘ಯೋಚನೆ ಮಾಡಿ’ ಅನ್ನುವ ಭಾಗವನ್ನು ಮರೆಯಬಾರದು. ಭಗವದ್ಗೀತೆಯ ಹದಿನೆಂಟನೇ ಅಧ್ಯಾಯದಲ್ಲಿ ಕೃಷ್ಣ ತ್ಯಾಗದ ವಿಷಯ ಹೇಳುತ್ತಾ, ಇದು ನನ್ನ ನಿಶ್ಚಿತವಾದ ಮತ ಅನ್ನುತ್ತಾನೆ. ಅದೇ ಅಧ್ಯಾಯದ ಕೊನೆಯ ಹೊತ್ತಿಗೆ, ನಾನು ಹೇಳಿದ್ದನ್ನೆಲ್ಲ ಪೂರ್ತಿಯಾಗಿ ವಿಮರ್ಶೆ ಮಾಡಿ ನಿನಗೆ ಇಷ್ಟ ಬಂದ ಹಾಗೆ ಮಾಡು ಅಂತ ಅರ್ಜುನನಿಗೇ ಬಿಟ್ಟುಬಿಡುತ್ತಾನೆ. ದೇವರೇ ಹೇಳಿದರೂ ಅದು ಹೇಳಿದವನ ಮತ. ಕೇಳಿದವನು ತಾನೂ ಯೋಚಿಸಿ ತನ್ನದನ್ನು ಕಟ್ಟಿಕೊಳ್ಳಬೇಕು.

– ಹಾಗಿದ್ದರೆ ಧರ್ಮ ಅನ್ನುವ ಅರ್ಥ ಹೇಗೆ ಅಂಟಿಕೊಂಡಿತು?

– ಆಚಾರ್ಯರಿಂದ. ಶಂಕರರು ಬ್ರಹ್ಮಸೂತ್ರಕ್ಕೆ ಒಂದು ಅರ್ಥ ಹೇಳಿದರು, ಅದು ಶಂಕರರ ಮತ. ಅದೇ ಸೂತ್ರಕ್ಕೆ ರಾಮಾನುಜರು ಬೇರೆ ಅರ್ಥ ಹೇಳಿದರು, ಮಧ್ವರು ಮತ್ತೊಂದು ಹೇಳಿದರು. ಮತತ್ರಯ ಅಂತ ನಾವು ಕರೆಯುವುದು ಮೂಲದಲ್ಲಿ ಒಂದು ಗ್ರಂಥವನ್ನು ಓದಿದ ಮೂವರ ಮೂರು ಅಭಿಪ್ರಾಯಗಳನ್ನು. ಅವರೆಲ್ಲ ವಾದ ಮಾಡಿ, ಎದುರಾಳಿಯ ಮಾತನ್ನು ಪೂರ್ವಪಕ್ಷವಾಗಿ ಮೊದಲು ಇಟ್ಟು, ಆಮೇಲೆ ತಮ್ಮದನ್ನು ಸ್ಥಾಪಿಸಿದವರು. ಅವರ ಶಿಷ್ಯರಾದವರೂ ಕೇಳಿ, ಒಪ್ಪಿ ಶಿಷ್ಯರಾದರು. ಶಿಷ್ಯರ ಮಕ್ಕಳ ಕಾಲಕ್ಕೆ ಕೇಳುವುದೂ ಇಲ್ಲ, ಒಪ್ಪುವುದೂ ಇಲ್ಲ. ಹುಟ್ಟಿದ ಮನೆಯೇ ಮತವಾಯಿತು. ಯೋಚಿಸಿ ಪಡೆಯಬೇಕಾದದ್ದು ತೊಟ್ಟಿಲಲ್ಲೇ ಸಿಕ್ಕಿಬಿಟ್ಟರೆ ಅದು ಜಾತಿಯಷ್ಟೇ ಗಟ್ಟಿಯಾಗುತ್ತದೆ. ಮತಾಂತರ, ಮತಾಂಧ, ಮತೀಯ ಅನ್ನುವ ಪದಗಳಲ್ಲಿ ಯೋಚನೆಯ ಸುಳಿವೇ ಇಲ್ಲ, ನೋಡು.

– ಕುವೆಂಪು ಅವರ ‘ಮನುಜಮತ’?

– ಅವರ ಪಂಚಮಂತ್ರದ ಮೊದಲ ಪದ ಅದು. ಮತ ಅನ್ನುವ ಹಳೆಯ ಪದವನ್ನು ಬಿಸಾಡದೆ, ಅದಕ್ಕೆ ಮನುಷ್ಯನನ್ನು ಜೋಡಿಸಿ ವಿಸ್ತಾರ ಮಾಡಿದರು. ಇದಕ್ಕಿಂತ ಹಿಂದಕ್ಕೂ ಹೋಗಬಹುದು. ಒಂಬತ್ತನೇ ಶತಮಾನದ ಕವಿರಾಜಮಾರ್ಗವನ್ನು ನೀನು ಓದಿದ್ದೀಯಲ್ಲ, ನಿಜವಾದ ಬಂಗಾರ ಯಾವುದು ಅಂತ ಅಲ್ಲಿ ಒಂದು ಪದ್ಯ ಬರುತ್ತದೆ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವ ಶಕ್ತಿಯೇ ಬಂಗಾರ ಅಂತ ಅದರ ಸಾರ. ವಿಚಾರ ಮತ್ತು ಧರ್ಮ ಎರಡನ್ನೂ ಕವಿ ಅಕ್ಕಪಕ್ಕ ಇಟ್ಟಿದ್ದಾನೆ. ಆ ಎರಡೂ ‘ಮತ’ ಅನ್ನುವ ಒಂದೇ ಪದದೊಳಗೆ ಇರುವಂಥವು. ಪರಮತ ಸಹಿಷ್ಣುತೆ ಅಂದಾಗ ನಮಗೆ ಬರೀ ಧರ್ಮ ನೆನಪಾಗುತ್ತದೆ. ಪಕ್ಕದ ಮನೆಯವನು ಬೇರೆ ಪಕ್ಷಕ್ಕೆ ಓಟು ಹಾಕಿದರೆ ಅದನ್ನು ಸೈರಿಸುವುದೂ ಪರಮತ ಸಹಿಷ್ಣುತೆಯೇ.

– ಇದು ಚೆನ್ನಾಗಿದೆ ದೊಡ್ಡಪ್ಪ. ಆದರೆ ಬೇರೆ ಭಾಷೆಯವರಿಗೆ ಈ ತೊಡಕು ಇಲ್ಲ ಅಲ್ಲವಾ? ನನ್ನ ಜೊತೆ ಬಿ.ಎಡ್ ಓದಿದವಳು ಕಾಸರಗೋಡಿನ ಕಡೆಯವಳು. ಮಲಯಾಳದಲ್ಲಿ ‘ಮತಂ’ ಅಂದರೆ ಧರ್ಮ ಮಾತ್ರ ಅನ್ನುತ್ತಿದ್ದಳು.

– ಹೌದು, ತೆಲುಗಿನಲ್ಲಿ, ತಮಿಳಿನಲ್ಲಿಯೂ ಅಷ್ಟೇ. ಓಟಿಗೆ ಅವರು ಬೇರೆ ಪದ ಇಟ್ಟುಕೊಂಡಿದ್ದಾರೆ. ತಮಿಳರು ‘ವಾಕ್ಕು’ ಅನ್ನುತ್ತಾರೆ, ವಾಕ್ಕು ಅಂದರೆ ಮಾತು, ಕೊಟ್ಟ ಮಾತು. ಮಲಯಾಳಿಗಳಿಗೆ ‘ಸಮ್ಮತಿದಾನ’ ಅನ್ನುವ ಪದ ಇದೆ, ಒಪ್ಪಿಗೆ ಕೊಡುವುದು. ತೆಲುಗರು ಓಟು ಅಂತಲೇ ಉಳಿಸಿಕೊಂಡರು. ದಕ್ಷಿಣದ ಈ ನಾಲ್ಕರಲ್ಲಿ ಓಟನ್ನು ಮತ ಅಂತ ಕರೆದವರು ನಾವು. ಮರಾಠಿ, ಹಿಂದಿಗಳೂ ಹಾಗೆ ಕರೆಯುತ್ತವೆ. ಹಾಗಾಗಿ ಪಂಥವೂ ಓಟೂ ಒಂದೇ ಪದದಲ್ಲಿ ವಾಸ ಮಾಡುವ ಕಷ್ಟ ನಮ್ಮದು, ಆ ಎರಡನ್ನೂ ಯೋಚನೆಗೆ ಕಟ್ಟಿಹಾಕುವ ಭಾಗ್ಯವೂ ನಮ್ಮದೇ.

– ಕಷ್ಟ ಅಂದಿರಲ್ಲ, ಅದು ಬರೀ ಪದದ ಕಷ್ಟ ಅಲ್ಲ. ಪಂಚಾಯಿತಿ ಚುನಾವಣೆಯ ಡ್ಯೂಟಿಗೆ ನನ್ನ ಹೆಸರೂ ಬಂದಿದೆ, ತರಬೇತಿಯಲ್ಲಿ ನೀತಿಸಂಹಿತೆಯ ಪಾಠ ಆಯಿತು. ಬಂದ ಮೇಲೆ ಕಾನೂನಿನ ಪುಸ್ತಕ ತೆಗೆದು ಓದಿದೆ. ವಿಧಾನಸಭೆ, ಲೋಕಸಭೆಗಳಿಗೆ ಅನ್ವಯಿಸುವ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೇ ಕಲಮು ಇದೆ. ಅದರ ಮೂರನೇ ಉಪಕಲಮಿನ ಪ್ರಕಾರ ಧರ್ಮ, ಜನಾಂಗ, ಜಾತಿ, ಸಮುದಾಯ, ಭಾಷೆ ಇವುಗಳ ಹೆಸರಿನಲ್ಲಿ ಓಟು ಕೇಳಿದರೆ ಅದು ಚುನಾವಣಾ ಭ್ರಷ್ಟಾಚಾರ. ಕನ್ನಡದಲ್ಲಿ ಚಿಕ್ಕದಾಗಿ ಹೇಳಿದರೆ, ಮತದ ಹೆಸರಿನಲ್ಲಿ ಮತ ಕೇಳಬಾರದು.

– ಒಂದೇ ವಾಕ್ಯದಲ್ಲಿ ಎರಡು ಮತ. ಒಂದು ಹುಟ್ಟಿನಿಂದ ಬಂದದ್ದು, ಇನ್ನೊಂದು ಯೋಚಿಸಿ ಕಟ್ಟಿಕೊಳ್ಳಬೇಕಾದದ್ದು. ಮೊದಲನೆಯದು ಎರಡನೆಯದನ್ನು ನುಂಗಬಾರದು ಅಂತ ಕಾನೂನು.

– ಆ ಕಲಮಿನಲ್ಲಿ ‘ಅವನ ಧರ್ಮ’ ಅಂತ ಇತ್ತು. ಯಾರ ಧರ್ಮ ಅನ್ನುವುದೇ ವ್ಯಾಜ್ಯ. ಅಭ್ಯರ್ಥಿ ತನ್ನ ಧರ್ಮದ ಹೆಸರು ಹೇಳಿ ಕೇಳಿದರೆ ಮಾತ್ರ ತಪ್ಪೇ, ಮತದಾರನ ಧರ್ಮ ಹೇಳಿ ಕೇಳಿದರೂ ತಪ್ಪೇ? ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ತೀರ್ಪು ಕೊಟ್ಟಿತು. ಮತದಾರನ ಧರ್ಮವೂ ಅದರಲ್ಲಿ ಸೇರುತ್ತದೆ ಅಂತ ನಾಲ್ವರು ಹೇಳಿದರು, ಮೂವರು ಒಪ್ಪಲಿಲ್ಲ.

– ಮೂವರದು ಭಿನ್ನಮತ. ನೋಡು, ಅಲ್ಲೂ ನಮ್ಮ ಪದ ಬಂತು. ಒಪ್ಪದ ಮೂವರ ವಾದವೂ ತೂಕದ್ದೇ. ಶತಮಾನಗಳಿಂದ ಜಾತಿಯ ಕಾರಣಕ್ಕೆ, ಭಾಷೆಯ ಕಾರಣಕ್ಕೆ ಅನ್ಯಾಯಕ್ಕೆ ಒಳಗಾದವರು ಚುನಾವಣೆಯಲ್ಲಿ ಆ ಅನ್ಯಾಯದ ಮಾತೇ ಆಡಬಾರದು ಅಂದರೆ ಹೇಗೆ ಅಂತ ಅವರು ಕೇಳಿದರು. ನನಗೆ ಆ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಲು ಮನಸ್ಸು ಬರುವುದಿಲ್ಲ. ಜಾತಿಯಿಂದ ಆದ ನೋವನ್ನು ಹೇಳಿಕೊಳ್ಳುವುದು ಬೇರೆ, ನಮ್ಮವನು ಅಂತ ಕೇಳುವುದು ಬೇರೆ. ಕಾನೂನಿನ ಪುಸ್ತಕ ಆ ಗೆರೆಯನ್ನು ಎಲ್ಲ ಸಲವೂ ಸರಿಯಾಗಿ ಎಳೆಯಲಾರದು. ಓಟು ಹಾಕುವವರೇ ಎಳೆಯಬೇಕು.

– ಎಳೆಯುತ್ತಾರಾ? ‘ವೋಟ್ ಬ್ಯಾಂಕ್’ ಅನ್ನುವ ಮಾತು ಇರುವುದೇ ಅವರು ಎಳೆಯುವುದಿಲ್ಲ ಅಂತ ತಾನೇ?

– ಆ ಮಾತು ಎಲ್ಲಿ ಹುಟ್ಟಿತು ಗೊತ್ತಾ? ನಮ್ಮ ಮೈಸೂರಿನ ಬಗಲಲ್ಲಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ಉಳಿದು ಅಧ್ಯಯನ ಮಾಡಿದರು. ತಮ್ಮ ಬರಹದಲ್ಲಿ ಅದನ್ನು ‘ರಾಮಪುರ’ ಅಂತ ಕರೆದರು. ಆ ಹಳ್ಳಿಯ ಬಗ್ಗೆ 1955ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಈ ಪದ ಮೊದಲು ಬಂತು ಅನ್ನುತ್ತಾರೆ. ಅವರು ಹೇಳಿದ್ದು ಇವತ್ತಿನ ಅರ್ಥದಲ್ಲಿ ಅಲ್ಲ. ಊರಿನ ದೊಡ್ಡ ಹಿಡುವಳಿದಾರ ಗೇಣಿದಾರರಿಗೆ, ಆಳುಗಳಿಗೆ, ಸಾಲ ಪಡೆದವರಿಗೆ ಆಸರೆ. ಅವರ ಓಟುಗಳು ಅವನ ಮಾತಿನಂತೆ ಬೀಳುತ್ತವೆ. ರಾಜಕಾರಣಿ ಊರಿಗೆ ಬಂದರೆ ಅವನೊಬ್ಬನನ್ನು ಕಂಡರೆ ಸಾಕು. ಅಂದರೆ ಬ್ಯಾಂಕು ಇದ್ದದ್ದು ಯಜಮಾನನ ಪಡಸಾಲೆಯಲ್ಲಿ. ಆಮೇಲಾಮೇಲೆ ಆ ಮಾತಿನಿಂದ ಯಜಮಾನ ಜಾರಿಕೊಂಡ, ಬಡವರ, ಅಲ್ಪಸಂಖ್ಯಾತರ ಮೇಲೆ ಅದನ್ನು ಎಸೆಯುವುದು ರೂಢಿಯಾಯಿತು. ಹಿಡಿದಿಟ್ಟವನನ್ನು ತೋರಿಸುತ್ತಿದ್ದ ಪದ ಹಿಡಿತಕ್ಕೆ ಸಿಕ್ಕವರನ್ನು ಹಳಿಯುವ ಪದವಾಯಿತಲ್ಲ, ನನಗೆ ಇದು ಬಹಳ ನೋವು ಕೊಡುತ್ತದೆ.

– ಅದಿರಲಿ, ನಮ್ಮೂರಲ್ಲಿ ಯಾರೂ ‘ಮತ ಚಲಾಯಿಸಿ ಬಂದೆ’ ಅನ್ನುವುದಿಲ್ಲ. ‘ಓಟು ಹಾಕಿ ಬಂದೆ’ ಅನ್ನುತ್ತಾರೆ. ಮಷಿನ್ನಿನಲ್ಲಿ ಗುಂಡಿ ಒತ್ತಿದರೂ ‘ಹಾಕಿದೆ’ ಅಂತಲೇ.

– ‘ಹಾಕು’ ಅನ್ನುವುದರಲ್ಲಿ ಒಂದು ಇತಿಹಾಸ ಕೂತಿದೆ. 1951ರ ಅಕ್ಟೋಬರಿನಿಂದ 1952ರ ಫೆಬ್ರುವರಿವರೆಗೆ ನಡೆದ ಮೊದಲ ಮಹಾಚುನಾವಣೆಯಲ್ಲಿ ಮುದ್ರೆ ಒತ್ತುವುದು ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಕೊಟ್ಟ ಚೀಟಿಯನ್ನು ತನಗೆ ಬೇಕಾದ ಪೆಟ್ಟಿಗೆಗೆ ಹಾಕಿ ಬರುವುದು, ಅಷ್ಟೇ. ಹದಿನೇಳು ಕೋಟಿಗೂ ಹೆಚ್ಚು ಮತದಾರರು, ಅವರಲ್ಲಿ ಬಹುಪಾಲು ಜನಕ್ಕೆ ಅಕ್ಷರ ಬಾರದು. ಅವರು ಎತ್ತು ನೋಡಿದರು, ಗುಡಿಸಲು ನೋಡಿದರು, ದೀಪ ನೋಡಿದರು, ಹಾಕಿದರು. ಒಂದೇ ಚೀಟಿಯಲ್ಲಿ ಎಲ್ಲರ ಹೆಸರು ಅಚ್ಚು ಮಾಡಿ ಮುದ್ರೆ ಒತ್ತಿಸುವ ಪದ್ಧತಿ ದೇಶದಲ್ಲಿ ವ್ಯಾಪಕವಾದದ್ದು 1962ರ ಹೊತ್ತಿಗೆ. ನಮ್ಮ ಮೈಸೂರಿನ ಕಾರ್ಖಾನೆಯ ಅಳಿಸಲಾಗದ ಶಾಯಿ ಬೆರಳಿಗೆ ಬಂದದ್ದೂ ಆ ಚುನಾವಣೆಯಿಂದಲೇ. ‘ಒತ್ತು’ ಅನ್ನುವ ಕ್ರಿಯಾಪದ ಬಂದರೂ ಜನ ‘ಹಾಕು’ ಬಿಡಲಿಲ್ಲ.

– ಅದಕ್ಕೂ ಮೊದಲು?

– ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಮುಂದೆ ಅದಕ್ಕೆ ಚುನಾವಣೆಯೂ ಬಂತು. ಆದರೆ ಕಂದಾಯ ಕಟ್ಟುವವನಿಗೆ, ಆಸ್ತಿ ಇದ್ದವನಿಗೆ, ಓದಿದವನಿಗೆ ಮಾತ್ರ ಓಟು. ಆಗ ಮತ ಅನ್ನುವುದು ಜಮೀನಿನ ಜೊತೆ ಬರುತ್ತಿತ್ತು. ಗೇಯುವವನಿಗೆ ಮತ ಇಲ್ಲ, ಗೇಯಿಸುವವನಿಗೆ ಇದೆ. ಎಲ್ಲ ವಯಸ್ಕರಿಗೂ ಒಂದೇ ಸಲಕ್ಕೆ ಸಿಕ್ಕಿದ್ದು ಸಂವಿಧಾನದಿಂದ.

– ಸಿಕ್ಕಿದರೂ ಎಲ್ಲರಿಗೂ ಸಿಗಲಿಲ್ಲ ದೊಡ್ಡಪ್ಪ. ಮೊದಲ ಚುನಾವಣೆಯ ಪಟ್ಟಿ ಮಾಡುವಾಗ ಉತ್ತರ ಭಾರತದ ಹಲವು ಕಡೆ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ, ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಅಂತ ಬರೆಸಿದರು. ಹೆಸರಿಲ್ಲದೆ ಓಟಿಲ್ಲ ಅಂತ ಆಗಿನ ಮುಖ್ಯ ಚುನಾವಣಾ ಆಯುಕ್ತರು ಸುಕುಮಾರ್ ಸೇನ್ ಖಂಡಿತವಾಗಿ ಹೇಳಿದರು. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗೆ ಉಳಿದರು. ಇದನ್ನು ನಾನು ಪ್ರತಿ ವರ್ಷ ಹೆಣ್ಣುಮಕ್ಕಳಿಗೆ ಹೇಳುತ್ತೇನೆ. ಮತ ಇರಬೇಕಾದರೆ ಮೊದಲು ಸ್ವಂತ ಹೆಸರು ಇರಬೇಕು, ಅದನ್ನು ಬಾಯಿಬಿಟ್ಟು ಹೇಳಬೇಕು.

– ಸೇನ್ ಮಾಡಿದ್ದು ಕಠಿಣವಾಗಿತ್ತು, ಸರಿಯೂ ಆಗಿತ್ತು. ಮುಂದಿನ ಚುನಾವಣೆಗೆ ಅವರಲ್ಲಿ ಬಹಳಷ್ಟು ಜನ ಹೆಸರು ಹೇಳಿ ಸೇರಿಕೊಂಡರು. ಗಂಡನ ಹೆಸರಿನ ನೆರಳಿನಲ್ಲಿ ಬರೆದುಕೊಂಡಿದ್ದರೆ ಓಟೂ ಆ ನೆರಳಿನಲ್ಲೇ ಬೀಳುತ್ತಿತ್ತು.

– ಈಗ ಹುಡುಗನ ಪ್ರಶ್ನೆಯ ಎರಡನೇ ಅರ್ಧಕ್ಕೆ ಬನ್ನಿ. ದಾನ. ಅನ್ನದಾನ, ಗೋದಾನ, ರಕ್ತದಾನದ ಸಾಲಿನಲ್ಲಿ ಮತದಾನವನ್ನೂ ನಿಲ್ಲಿಸಿದ್ದೇವೆ. ‘ಎಲ್ಲ ದಾನಗಳಲ್ಲಿ ಮತದಾನ ಶ್ರೇಷ್ಠ’ ಅಂತ ನಮ್ಮ ಶಾಲೆಯ ಗೋಡೆಯ ಮೇಲೇ ಬರೆಸಿದ್ದಾರೆ. ನನಗೆ ಇದು ಯಾಕೋ ಹಿಡಿಸುವುದಿಲ್ಲ.

– ಯಾಕೆ ಹಿಡಿಸುವುದಿಲ್ಲ, ನೀನೇ ಹೇಳು.

– ದಾನ ಕೊಟ್ಟವರು ಅದನ್ನು ಮತ್ತೆ ಕೇಳುವ ಹಾಗಿಲ್ಲ. ದಾನ ಮಾಡಿ ಲೆಕ್ಕ ಕೇಳಿದರೆ ಪುಣ್ಯ ಹೋಯಿತು ಅನ್ನುತ್ತಾರೆ. ಕೊಟ್ಟ ವಸ್ತುವಿನ ಮೇಲೆ ಕೊಟ್ಟವನ ಅಧಿಕಾರ ಮುಗಿಯುತ್ತದೆ. ಓಟು ಹಾಗಾದರೆ ಐದು ವರ್ಷ ಏನು ಕೇಳುವುದು? ನಮ್ಮ ವಾರ್ಡಿನ ಚರಂಡಿ ಕಟ್ಟಿಕೊಂಡಾಗ, ಗೆದ್ದವರ ಹತ್ತಿರ ಹೋಗಿ ಕೇಳೋಣ ಅಂದರೆ ಅಕ್ಕಪಕ್ಕದವರೇ ‘ಈಗ ಕೇಳಿದರೆ ಏನು ಬಂತು, ಓಟು ಕೊಟ್ಟು ಆಯಿತಲ್ಲ’ ಅಂದರು. ಕೊಟ್ಟು ಆಯಿತು ಅನ್ನುವ ಆ ಮಾತು ದಾನದ ಮಾತು.

– ನೀನು ಹೇಳುವುದು ಸರಿ. ಆದರೆ ಕನ್ನಡವೇ ಇದಕ್ಕೆ ಉತ್ತರ ಕೊಟ್ಟಿದೆ, ನಾವು ಗಮನಿಸಿಲ್ಲ. ಓಟು ಹಾಕುವವನಿಗೆ ಏನು ಅನ್ನುತ್ತೇವೆ?

– ಮತದಾರ.

– ಬಿಡಿಸು.

– ಮತ, ದಾರ… ದಾನ ಕೊಡುವವನು ಮತದಾರ ಅಂತಲೇ ಇಷ್ಟು ದಿನ ತಿಳಿದಿದ್ದೆ. ದಾನಕ್ಕೂ ‘ದಾರ’ಕ್ಕೂ ಸಂಬಂಧ ಇಲ್ಲ ಅಲ್ಲವಾ?

– ಇಲ್ಲ. ‘ದಾರ್’ ಪಾರಸಿ ಪ್ರತ್ಯಯ, ಉಳ್ಳವನು, ಇಟ್ಟುಕೊಂಡವನು ಅಂತ ಅರ್ಥ. ಜಮೀನ್ದಾರ, ಪಾಲುದಾರ, ಹಕ್ಕುದಾರ, ವಾರಸುದಾರ. ಪಾಲು ಉಳ್ಳವನು ಪಾಲುದಾರ, ಹಕ್ಕು ಉಳ್ಳವನು ಹಕ್ಕುದಾರ. ಹಾಗೆಯೇ ಮತ ಉಳ್ಳವನು ಮತದಾರ. ಹಿಂದಿಯವರು ‘ಮತದಾತಾ’ ಅನ್ನುತ್ತಾರೆ, ಅಂದರೆ ಕೊಡುವವನು. ಮರಾಠಿಯವರೂ ನಾವೂ ‘ಮತದಾರ’ ಅಂದೆವು. ಇದು ಸಣ್ಣ ವ್ಯತ್ಯಾಸವಲ್ಲ. ಕೊಡುವವನ ಕೆಲಸ ಕೊಟ್ಟ ಕ್ಷಣಕ್ಕೆ ಮುಗಿಯುತ್ತದೆ. ಉಳ್ಳವನು ಚುನಾವಣೆಯ ಮರುದಿನವೂ ಉಳ್ಳವನೇ, ಐದು ವರ್ಷವೂ ಉಳ್ಳವನೇ. ಗುಂಡಿ ಒತ್ತಿ ಬಂದರೂ ಯೋಚಿಸುವ ಶಕ್ತಿ ಅವನ ಹತ್ತಿರವೇ ಇದೆ. ಚರಂಡಿ ಕೇಳಲು ಹೋಗುವವಳು ಮತದಾರಳಾಗಿ ಹೋಗುತ್ತಾಳೆ.

– ಇದನ್ನು ನಾಳೆಯೇ ತರಗತಿಯಲ್ಲಿ ಹೇಳಬೇಕು. ಮತದಾನ ಅನ್ನುವುದನ್ನು ಬಿಟ್ಟುಬಿಡೋಣ ಅನ್ನುತ್ತೀರಾ?

– ಬಿಡುವುದು ಬೇಡ, ಬೇರೂರಿದ ಪದ. ಆದರೆ ಶ್ರೇಷ್ಠ ದಾನ ಅಂತ ಗೋಡೆಯ ಮೇಲೆ ಬರೆಯುವುದು ಬೇಡ. ಅನ್ನದಾನ ಮಾಡಿದವನಿಗೆ ಹಸಿವಿನ ಮನುಷ್ಯ ಋಣಿ. ಇಲ್ಲಿ ಓಟು ಪಡೆದವನಿಗೆ ಋಣದ ನೆನಪೇ ಇರದಂತೆ ಮಾಡುವುದು ಈ ದಾನದ ಪುಣ್ಯಕಥೆ. ದುಡ್ಡು ಹಂಚುವವನಿಗೂ ಅದು ಅನುಕೂಲ: ನೀನು ನನಗೆ ಓಟು ದಾನ ಮಾಡು, ನಾನು ನಿನಗೆ ಐನೂರು ದಾನ ಮಾಡುತ್ತೇನೆ, ಲೆಕ್ಕ ಚುಕ್ತಾ. ಹಾಗೆ ಚುಕ್ತಾ ಆದ ಮೇಲೆ ಯಾರು ಯಾರನ್ನು ಏನು ಕೇಳುವುದು?

– ಇಂಗ್ಲಿಷಿನ ‘ವೋಟ್’ಗೂ ಒಂದು ಮೂಲ ಇರಬೇಕಲ್ಲ?

– ಲ್ಯಾಟಿನ್ನಿನ ‘ವೋಟುಂ’. ದೇವರಿಗೆ ಹೊತ್ತ ಹರಕೆ, ಮನಸ್ಸಿನ ಬಯಕೆ. ಅದು ಅವರ ಕಥೆ. ನಮ್ಮ ಪದದಲ್ಲಿ ಬಯಕೆಗಿಂತ ವಿಚಾರಕ್ಕೆ ಹೆಚ್ಚು ಜಾಗ ಇದೆ, ಅದು ನನಗೆ ಇಷ್ಟ. ಆದರೆ ಪತ್ರಿಕೆಗಳ ತಲೆಬರಹ ನೋಡಿದಾಗ ಆ ಇಷ್ಟ ಕುಂದುತ್ತದೆ. ‘ಕ್ಷೇತ್ರದಾದ್ಯಂತ ಭರ್ಜರಿ ಮತಬೇಟೆ’. ಬೇಟೆ ಅಂದ ಮೇಲೆ ಓಟು ಹಾಕುವವರು ಏನಾದರು?

– ಮಿಕ.

– ಹೌದು. ಕೆಳಗೆ ಸುದ್ದಿಯಲ್ಲಿ ‘ಮತಯಾಚನೆ’ ಅಂತ ಇರುತ್ತದೆ. ಯಾಚನೆ ಅಂದರೆ ಬೇಡುವುದು. ಭಾಷಣದಲ್ಲಿ ‘ಮತದಾರ ಪ್ರಭುಗಳೇ’. ಒಂದೇ ದಿನ ಒಬ್ಬ ಮನುಷ್ಯನನ್ನು ಮಿಕವಾಗಿಯೂ ದಾನಿಯಾಗಿಯೂ ಪ್ರಭುವಾಗಿಯೂ ಮಾಡುತ್ತೇವೆ, ಯೋಚಿಸುವ ಮನುಷ್ಯನನ್ನಾಗಿ ಮಾತ್ರ ಕಾಣುವುದಿಲ್ಲ. ಪ್ರಭು ಅಂತ ಕರೆಸಿಕೊಳ್ಳುವುದು ಯಾರಿಗೂ ಬೇಕಾಗಿಲ್ಲ ಮಗಳೇ. ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಟ್ಟರೆ ಸಾಕು. ಈ ಸಾಲಿನಲ್ಲಿ ನನಗೆ ತುಂಬ ಪ್ರೀತಿಯ ಪದ ಒಂದಿದೆ, ‘ಮತಗಟ್ಟೆ’. ಯಾರು ಮೊದಲು ಬಳಸಿದರೋ, ಕೈ ಮುಗಿಯಬೇಕು.

– ಅರಿಸಮಾಸ! ಸಂಸ್ಕೃತದ ಮತಕ್ಕೆ ಕನ್ನಡದ ಕಟ್ಟೆ.

– ಅರಿಸಮಾಸ ದೋಷ ಅಂತ ಹಳೆಯ ವೈಯಾಕರಣರು ಹೇಳಲಿ, ಇದು ದೋಷವಿಲ್ಲದ ಪದ. ಅರಳಿಕಟ್ಟೆ, ಮಾತಿನಕಟ್ಟೆ, ಸೋಮಾರಿಕಟ್ಟೆ ಅಂತ ಊರಿನವರು ಕೂತು ಮಾತಾಡುವ ಜಾಗಗಳೆಲ್ಲ ಕಟ್ಟೆಗಳೇ. ಆದರೆ ಎಷ್ಟೋ ಊರುಗಳಲ್ಲಿ ಆ ಕಟ್ಟೆಯ ಮೇಲೆ ಎಲ್ಲರೂ ಕೂರುವಂತಿರಲಿಲ್ಲ. ಮತಗಟ್ಟೆಗೆ ಎಲ್ಲರೂ ಬರಬಹುದು, ಒಂದೇ ಸಾಲಿನಲ್ಲಿ ನಿಲ್ಲಬೇಕು.

– ‘ಒಮ್ಮತ’ದ ಬಗ್ಗೆ ಏನು ಹೇಳುತ್ತೀರಿ? ಒಂದು, ಮತ. ಕೇಳಲು ಹಿತವಾದ ಪದ. ಆದರೆ ಪಂಚಾಯಿತಿಯಲ್ಲಿ ಒಮ್ಮತದ ಆಯ್ಕೆ, ಅವಿರೋಧ ಆಯ್ಕೆ ಅಂದರೆ ನನಗೆ ಭಯ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಬಂದಿತ್ತು. ಹೆಚ್ಚು ಕೂಗಿದವನು ಅವಿರೋಧ ಆಯ್ಕೆ, ದುಡ್ಡು ದೇವಸ್ಥಾನಕ್ಕೆ. ಊರೆಲ್ಲ ಒಮ್ಮತದಿಂದ ಒಪ್ಪಿದೆ ಅಂತ ಹೇಳಿಕೆ.

– ಮತ ಕೇಳದೆ ಒಮ್ಮತ ಹೇಗೆ ಆಗುತ್ತದೆ? ಹತ್ತು ಜನ ಬೇರೆ ಬೇರೆ ಯೋಚಿಸಿ, ಮಾತಾಡಿ, ಜಗಳವನ್ನೂ ಆಡಿ, ಕೊನೆಗೆ ಒಂದು ಕಡೆ ಬಂದರೆ ಅದು ಒಮ್ಮತ. ದೇವಸ್ಥಾನದ ಮುಂದೆ ನಾಲ್ಕು ಜನ ದೊಡ್ಡವರು ಕೂಗಿ ಮುಗಿಸಿದರೆ ಅಲ್ಲಿ ಆದದ್ದು ವ್ಯಾಪಾರ. ಹೆಂಗಸರನ್ನು, ಕೇರಿಯವರನ್ನು ಕೇಳಿರುತ್ತಾರಾ? ದೇವರ ಹುಂಡಿಗೆ ಹೋಯಿತು ಅಂದ ಮಾತ್ರಕ್ಕೆ ಅದು ಶುದ್ಧವಾಗುವುದಿಲ್ಲ.

– ಇನ್ನೊಂದು ಮಾತು ತರಬೇತಿಯಲ್ಲಿ ಬಂತು, ‘ಒಂದು ಓಟಿನಿಂದ ಏನಾಗುತ್ತದೆ’ ಅನ್ನುವವರಿಗೆ ಏನು ಹೇಳಬೇಕು ಅಂತ.

– ನಮ್ಮ ಚಾಮರಾಜನಗರ ಜಿಲ್ಲೆಯನ್ನೇ ತೋರಿಸು. 2004ರ ವಿಧಾನಸಭಾ ಚುನಾವಣೆ, ಸಂತೇಮರಹಳ್ಳಿ ಕ್ಷೇತ್ರ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಆ ಕ್ಷೇತ್ರ ಈಗ ಇಲ್ಲ, ಮರುವಿಂಗಡಣೆಯಲ್ಲಿ ಹೋಯಿತು. ಅಂಕಿ ಉಳಿದಿದೆ. ದೆಹಲಿಯ ಉದಾಹರಣೆ ಬೇಕಾದರೆ 1999ರ ಏಪ್ರಿಲ್ 17. ವಾಜಪೇಯಿ ಸರ್ಕಾರ ವಿಶ್ವಾಸಮತ ಕೇಳಿತು, ಪರವಾಗಿ 269, ವಿರುದ್ಧ 270. ವಿಶ್ವಾಸಮತ ಅನ್ನುವುದೂ ಒಳ್ಳೆಯ ಪದ: ನಂಬಿಕೆಯನ್ನೂ ಎಣಿಸಿ ನೋಡುವ ಏರ್ಪಾಡು.

– ಯಾರೂ ಬೇಡ ಅನ್ನುವವರಿಗೂ 2013ರಿಂದ ‘ನೋಟಾ’ ಗುಂಡಿ ಬಂತು, ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ. ಅದೂ ಮತವೇ ಅಲ್ಲವಾ?

– ಯೋಚಿಸಿ ಒತ್ತಿದರೆ ಖಂಡಿತ ಮತವೇ. ‘ಇವರಾರೂ ಅಲ್ಲ’ ಅನ್ನುವುದೂ ಒಂದು ನಿಲುವು.

– ಕೊನೆಯದಾಗಿ, ನನ್ನನ್ನು ಬಹಳ ದಿನದಿಂದ ಕೊರೆಯುತ್ತಿರುವ ಒಂದು ಪದ ಹೇಳುತ್ತೇನೆ. ಮತ ಎಣಿಕೆಯ ಸುದ್ದಿಯಲ್ಲಿ ‘ಕುಲಗೆಟ್ಟ ಮತ’ ಅಂತ ಬರೆಯುತ್ತಾರೆ. ಮಷಿನ್ ಬಂದ ಮೇಲೆ ವಿಧಾನಸಭೆ, ಲೋಕಸಭೆಯ ಸುದ್ದಿಯಲ್ಲಿ ಕಡಿಮೆಯಾಗಿದೆ. ಆದರೆ ಪಂಚಾಯಿತಿಗೆ ಚೀಟಿ ಇರುವ ಕಡೆ, ವಿಧಾನ ಪರಿಷತ್ತಿನ ಶಿಕ್ಷಕರ, ಪದವೀಧರರ ಕ್ಷೇತ್ರಗಳಲ್ಲಿ ಈಗಲೂ ಬರುತ್ತದೆ. ‘ಇಷ್ಟು ಮತಗಳು ಕುಲಗೆಟ್ಟಿವೆ’ ಅಂತ.

– ಹೇಗೆ ಕೆಡುತ್ತವೆ, ನೀನು ಕಂಡಿರುತ್ತೀಯಲ್ಲ.

– ಮುದ್ರೆ ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೆ ಬಿದ್ದಿರುತ್ತದೆ. ಯಾರಿಗೆ ಹಾಕಿದ್ದು ಅಂತ ಹೇಳಲು ಬರುವುದಿಲ್ಲ. ವಾರ್ಡಿನಲ್ಲಿ ಎಷ್ಟು ಸ್ಥಾನ ಇದೆಯೋ ಅದಕ್ಕಿಂತ ಹೆಚ್ಚು ಒತ್ತಿರುತ್ತಾರೆ. ಕೆಲವರು ಹೆಸರು ಬರೆದು ರುಜು ಹಾಕಿರುತ್ತಾರೆ. ಯಾರು ಹಾಕಿದ್ದು ಅಂತ ಗುರುತು ಸಿಕ್ಕರೆ ಗುಟ್ಟು ಹೋಯಿತು, ಹಾಗಾಗಿ ಅದೂ ಲೆಕ್ಕಕ್ಕಿಲ್ಲ. ಶಿಕ್ಷಕರ ಕ್ಷೇತ್ರದಲ್ಲಿ ನಾವು ಅವರು ಕೊಟ್ಟ ನೇರಳೆ ಪೆನ್ನಿನಿಂದ 1, 2, 3 ಅಂತ ಪ್ರಾಶಸ್ತ್ಯದ ಅಂಕಿ ಬರೆಯಬೇಕು. ಟಿಕ್ ಹಾಕಿದರೆ ಹೋಯಿತು. ಎಂ.ಎ. ಓದಿದವರೂ ಟಿಕ್ ಹಾಕಿ ಬರುತ್ತಾರೆ. ಆದರೆ ನನಗೆ ನೆನಪಾಗುವುದು ಹಳ್ಳಿಯ ಅಜ್ಜಿಯರು. ಕೈ ನಡುಗುತ್ತದೆ, ಕಣ್ಣು ಮಂಜು, ಆದರೂ ಬೇರೆಯವರ ಸಹಾಯ ಬೇಡ ಅಂತ ತಾವೇ ಹೋಗಿ ಮುದ್ರೆ ಒತ್ತುತ್ತಾರೆ. ಒತ್ತಿದ್ದು ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿದಿರುತ್ತದೆ. ಆ ಅಜ್ಜಿ ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡೇ ಬಂದವರು. ಅವರ ಮತಕ್ಕೆ ನಾವು ಕುಲಗೆಟ್ಟದ್ದು ಅನ್ನುತ್ತೇವೆ.

– ಕುಲಗೆಡುವುದು ಅಂದರೆ ಏನು ಅಂತ ನನ್ನ ತಲೆಮಾರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಾತಿಯಿಂದ ಹೊರಗೆ ಹಾಕಿಸಿಕೊಳ್ಳುವುದು. ಮುಟ್ಟಬಾರದವರನ್ನು ಮುಟ್ಟಿದ್ದಕ್ಕೆ, ಉಣ್ಣಬಾರದವರ ಮನೆಯಲ್ಲಿ ಉಂಡದ್ದಕ್ಕೆ, ಮದುವೆಯಾಗಬಾರದವರನ್ನು ಮದುವೆಯಾದದ್ದಕ್ಕೆ ಊರು ಕೊಡುತ್ತಿದ್ದ ಶಿಕ್ಷೆಯ ಹೆಸರು ಅದು. ಒಬ್ಬ ಮನುಷ್ಯನಿಗೆ ಒಂದು ಓಟು, ಒಂದು ಓಟಿಗೆ ಒಂದೇ ಬೆಲೆ ಅನ್ನುವ ತತ್ವವನ್ನು ಒಪ್ಪಿದ್ದೇವೆ, ಆದರೆ ಸಮಾಜದಲ್ಲಿ ಅಸಮಾನತೆ ಹಾಗೇ ಉಳಿದಿದೆ ಅಂತ ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದರು. ಮತಪೆಟ್ಟಿಗೆಯೊಳಗೆ ಬಿದ್ದ ಚೀಟಿಗೆ ಕುಲ ಇಲ್ಲ, ಇರಬಾರದು ಅಂತಲೇ ಅಷ್ಟು ಕಷ್ಟಪಟ್ಟು ಈ ಏರ್ಪಾಡು ಮಾಡಿದ್ದು. ಚೀಟಿಗೆ ಕುಲವೇ ಇಲ್ಲದಿದ್ದಾಗ ಅದು ಕೆಡುವುದು ಎಲ್ಲಿಂದ? ಬರೆಯುವವರು ದುರುದ್ದೇಶದಿಂದ ಬರೆಯುತ್ತಾರೆ ಅಂತ ನಾನು ಹೇಳುವುದಿಲ್ಲ, ಅಭ್ಯಾಸ. ಆದರೆ ಆ ಅಭ್ಯಾಸದೊಳಗೆ ಕೂತಿರುವುದು ಬಹಿಷ್ಕಾರ.

– ಚುನಾವಣಾ ನಮೂನೆಗಳಲ್ಲಿ ‘ತಿರಸ್ಕೃತ ಮತಗಳು’ ಅಂತ ಇದೆ. ಅಸಿಂಧು ಅಂತಲೂ ಹೇಳಬಹುದು. ಎರಡೂ ಎಲ್ಲರಿಗೂ ಗೊತ್ತಿರುವ ಪದಗಳು.

– ಹಾಗಾದರೆ ಪರ್ಯಾಯ ಹುಡುಕುವ ಕಷ್ಟವೂ ಇಲ್ಲ. ಎಣಿಕೆಯ ದಿನ ಸುದ್ದಿ ಕೇಳಲು ಬಂದ ವರದಿಗಾರರಿಗೆ ನೀನು ‘ತಿರಸ್ಕೃತ’ ಅಂತಲೇ ಹೇಳು, ಹಲಗೆಯ ಮೇಲೆ ಬರೆಯುವಾಗಲೂ ಹಾಗೆಯೇ ಬರೆ. ಪತ್ರಿಕೆಗಳ, ಟಿ.ವಿ. ವಾಹಿನಿಗಳ ಸುದ್ದಿಮನೆಯಲ್ಲಿ ಕೂತವರಲ್ಲೂ ನಮ್ಮಿಬ್ಬರದು ಇಷ್ಟೇ ಕೋರಿಕೆ: ಬರುವ ಪಂಚಾಯಿತಿ ಚುನಾವಣೆಯ ಫಲಿತಾಂಶ ಬರೆಯುವಾಗ ‘ಕುಲಗೆಟ್ಟ ಮತ’ ಅನ್ನುವುದನ್ನು ಕೈಬಿಡಿ, ‘ತಿರಸ್ಕೃತ ಮತ’ ಅಂತ ಬರೆಯಿರಿ.